ಒಂದೇ ಸಲ ಒತ್ತಿದ್ದು

ಮೂರನೇ ಕನ್ನಡಕ ವಾಪಸು ಬಂದದ್ದು ಬುಧವಾರ ಮಧ್ಯಾಹ್ನ. ತಂದವರು ಕೈಗಡಿಯಾರ ರಿಪೇರಿ ಮಾಡುವವರು. ಹೊಸ ಕನ್ನಡಕ ಹಾಕಿಕೊಂಡರೆ ಸ್ಕ್ರೂ ಕಾಣುತ್ತದೆ, ಸ್ಕ್ರೂವಿನ ತಲೆಯ ಮೇಲಿನ ಗೀರು ಕಾಣುವುದಿಲ್ಲ ಎಂದು ಹೇಳಿ, ಅದನ್ನು ಕೌಂಟರಿನ ಮೇಲೆ ಇಟ್ಟು ಹೋದರು. ಅಳೆದು ನೋಡಿದಾಗ ಕಣ್ಣಿನ ಡಾಕ್ಟರ ಚೀಟಿಯಲ್ಲಿ ಎರಡೂಮುಕ್ಕಾಲು ಇದ್ದ ಪವರ್ ಗಾಜಿನಲ್ಲಿ ಮೂರು ಆಗಿತ್ತು. ಗಾಜು ಉಜ್ಜುವ ಮೇಸ್ತ್ರಿ ತನಗೆ ಬಂದಿದ್ದ ಆರ್ಡರ್ ಕಾಗದವನ್ನು ತೆಗೆದು ತೋರಿಸಿದ. ಅದರಲ್ಲೂ ಮೂರೇ ಇತ್ತು. ಅಲ್ಲಿಗೆ ಅವನು ಕೈ ತೊಳೆದುಕೊಂಡ. ಉಳಿದದ್ದು ಚೀಟಿ ನೋಡಿ ಕಂಪ್ಯೂಟರಿಗೆ ಆರ್ಡರ್ ಹಾಕುವ ಮೇಜು. ಆ ಮೇಜಿನಲ್ಲಿ ಕೂರುವವಳು ಒಬ್ಬಳೇ, ಪುಟ್ಟಿಯ ಅತ್ತಿಗೆ.

ಪುಟ್ಟಿಗೆ ಮೂವತ್ತನಾಲ್ಕು ವರ್ಷ. ಮನೆಯವರು ಇಟ್ಟ ಹೆಸರು ಇನ್ನೂ ಬಿಟ್ಟಿಲ್ಲ. ಸಣ್ಣ ಸಣ್ಣ ಅಂಗಡಿ, ಕಾರ್ಖಾನೆಗಳಿಗೆ ಪ್ರೋಗ್ರಾಂ ಬರೆದುಕೊಡುವುದು ಅವಳ ಕೆಲಸ. ಈ ಕನ್ನಡಕದ ಕಾರ್ಖಾನೆಯ ಪ್ರೋಗ್ರಾಮೂ ಅವಳದೇ. 'ನಮ್ಮ ನಾದಿನಿ ಮಾಡ್ತಾಳೆ, ಒಂದ್ಸಲ ಮಾತಾಡಿ ನೋಡಿ' ಎಂದು ಯಜಮಾನರ ಕಿವಿಗೆ ಹಾಕಿ ಕೆಲಸ ಕೊಡಿಸಿದವಳು ಅತ್ತಿಗೆ. ಬುಧವಾರ ಸಂಜೆ ಯಜಮಾನರು ಇಬ್ಬರನ್ನೂ ತಮ್ಮ ಕೋಣೆಗೆ ಕರೆದರು.

"ಐದು ವಾರದಲ್ಲಿ ಮೂರು ಸಲ. ಏನಮ್ಮಾ ಇದು?" ಎಂದು ಅತ್ತಿಗೆಯನ್ನು ಕೇಳಿದರು.

"ನಾನು ಚೀಟೀಲಿ ಇದ್ದಷ್ಟೇ ಹಾಕಿದೀನಿ, ಸಾರ್."

"ಎಲ್ಲರೂ ಇದನ್ನೇ ಹೇಳ್ತಾರೆ." ಅವರು ಪುಟ್ಟಿಯ ಕಡೆ ತಿರುಗಿದರು. "ನೀವು ಹೇಳಿ. ಕಂಪ್ಯೂಟರ್ ತಾನಾಗೇ ಪವರ್ ಬದಲಾಯಿಸೋ ಸಾಧ್ಯತೆ ಇದೆಯಾ?"

"ಇಲ್ಲ ಸಾರ್. ಪರದೆ ಮೇಲೆ ಅಂಕಿ ಹಾಕೋಕೆ ಒಂದು ಬಾಕ್ಸಿದೆ. ಬಾಕ್ಸಲ್ಲಿ ಏನು ಹಾಕ್ತಾರೋ ಅದೇ ಉಳಿಯುತ್ತೆ."

ಇದನ್ನು ಪುಟ್ಟಿ ಅತ್ತಿಗೆಯ ಮೇಲೆ ದೂರು ಹೇಳಬೇಕೆಂದು ಹೇಳಲಿಲ್ಲ. ಕೇಳಿದ ಪ್ರಶ್ನೆಗೆ ತನಗೆ ಗೊತ್ತಿದ್ದ ಉತ್ತರ ಕೊಟ್ಟಳು, ಅಷ್ಟೇ. ಆದರೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅತ್ತಿಗೆ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡದ್ದು ಅವಳಿಗೆ ಕಾಣಿಸಿತು. ಸೋಮವಾರದಿಂದ ಆ ಮೇಜಿಗೆ ಬೇರೆಯವರು ಬರುತ್ತಾರೆ, ನೀವು ಮತ್ತೆ ಪ್ಯಾಕಿಂಗಿಗೆ ಹೋಗಿ ಎಂದು ಯಜಮಾನರು ಮಾತು ಮುಗಿಸಿದರು. ಹಿಂದಿನ ಕೋಣೆಯಲ್ಲಿ ನಾಲ್ಕು ವರ್ಷ ನಿಂತುಕೊಂಡು ಕನ್ನಡಕಗಳನ್ನು ಡಬ್ಬಿಗೆ ತುಂಬಿ, ಅಂಟು ಪಟ್ಟಿ ಹಚ್ಚಿದ ಮೇಲೆ ಅತ್ತಿಗೆಗೆ ಸಿಕ್ಕಿದ್ದ ಮೇಜು ಅದು. ಅದರ ಕುರ್ಚಿಗೆ ಬೆನ್ನೊರಗಿಸಲು ತಾನೇ ಒಂದು ದಿಂಬು ಹೊಲಿದುಕೊಂಡಿದ್ದಳು.

ರಾತ್ರಿ ಊಟಕ್ಕೆ ಕೂತಾಗ ಅತ್ತಿಗೆ ಎಲ್ಲರಿಗೂ ಬಡಿಸಿದಳು, ಪುಟ್ಟಿಗೂ ಬಡಿಸಿದಳು, ಮಾತು ಮಾತ್ರ ಆಡಲಿಲ್ಲ. ಅಣ್ಣನಿಗೆ ಮೌನ ಸಹಿಸಿ ಅಭ್ಯಾಸವಿಲ್ಲ.

"ಏನು, ಮನೇಲಿ ಕರೆಂಟ್ ಹೋಗಿದ್ಯಾ? ಇಬ್ಬರ ಮುಖಾನೂ ಕತ್ತಲೆ."

"ನಿಮ್ಮ ತಂಗೀನ ಕೇಳಿ," ಎಂದಳು ಅತ್ತಿಗೆ. "ಅವಳ ಬಾಕ್ಸು ಯಾವತ್ತೂ ತಪ್ಪು ಮಾಡಲ್ವಂತೆ. ತಪ್ಪು ಮಾಡೋದೇನಿದ್ರೂ ಮನುಷ್ಯರು."

"ಅತ್ತಿಗೆ, ನಾನು ಹಾಗೆ ಹೇಳಲಿಲ್ಲ."

"ಹೇಳ್ದೆ. ನಾನು ಅಲ್ಲೇ ಕೂತಿದ್ನಲ್ಲ." ಅವಳು ಪಾತ್ರೆ ಎತ್ತಿಕೊಂಡು ಎದ್ದಳು. "ನೋಡು ಪುಟ್ಟಿ, ನಾನು ಎಣಿಸಿ ಎಣಿಸಿ ಒತ್ತೋದು. ನಿಂಗೆ ಗೊತ್ತು."

ಪುಟ್ಟಿಗೆ ಗೊತ್ತಿತ್ತು. ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮೇಜಿಗೆ ಬಂದ ಮೊದಲ ವಾರ ಅತ್ತಿಗೆ ಎರಡೂಕಾಲು ಎಂದು ಕೀಲಿಮಣೆಯಲ್ಲಿ ಒತ್ತುವಾಗ ನಡುವಿನ ಚುಕ್ಕಿ ಬಿಟ್ಟುಹೋಗಿ ಇನ್ನೂರಿಪ್ಪತ್ತೈದು ಆಗಿತ್ತು. ಇಪ್ಪತ್ತಕ್ಕಿಂತ ಹೆಚ್ಚು ಹಾಕಿದರೆ ಬಾಕ್ಸು ಮಾತೇ ಆಡದೆ ಅದನ್ನು ಇಪ್ಪತ್ತಕ್ಕೆ ಇಳಿಸಿಬಿಡುತ್ತದೆ. ಅದು ಬಾಕ್ಸಿನ ಹುಟ್ಟುಗುಣ. ಮೇಸ್ತ್ರಿ ಇಪ್ಪತ್ತು ಪವರಿನ ಗಾಜನ್ನು ಉಜ್ಜಲು ಹಿಡಿದವನು ಸದ್ಯ ಕೇಳಲು ಬಂದ. "ಏನಕ್ಕ, ಕನ್ನಡಕವೋ, ಪೇಪರ್‌ವೇಟೋ?" ಅಂದಿನಿಂದ ಅತ್ತಿಗೆ ಕೀಲಿಮಣೆಯ ಅಂಕಿಗಳನ್ನು ಮುಟ್ಟಿಲ್ಲ. ಬಾಕ್ಸಿನ ಬಲಗಡೆ ಮೇಲಕ್ಕೊಂದು, ಕೆಳಕ್ಕೊಂದು ಪುಟ್ಟ ಬಾಣಗಳಿವೆ. ಮೌಸಿನಿಂದ ಒಂದು ಸಲ ಒತ್ತಿದರೆ ಪವರ್ ಕಾಲು ಏರುತ್ತದೆ. ಎಡಗೈ ಬೆರಳನ್ನು ಚೀಟಿಯ ಸಾಲಿನ ಮೇಲಿಟ್ಟು, ಬಲಗೈಯಿಂದ ಬಾಣ ಒತ್ತುತ್ತಾ, ಕಾಲು, ಅರೆ, ಮುಕ್ಕಾಲು, ಒಂದು, ಒಂದೂಕಾಲು ಎಂದು ಬಾಯಲ್ಲೇ ಹೇಳಿಕೊಂಡು ಹೋಗುವುದು ಅವಳ ಪದ್ಧತಿ. ಆರು ಪವರಿನ ಚೀಟಿ ಬಂದರೂ ಇಪ್ಪತ್ತನಾಲ್ಕು ಸಲ ಒತ್ತುತ್ತಾಳೆ, ಟೈಪಿಸ್ಟಿನ ಹಾಗೆ ಪಟಪಟನೆ.

ಈ ಬಾಕ್ಸಿನ ಪೂರ್ವಕಥೆಯನ್ನು ಇಲ್ಲೇ ಹೇಳಬೇಕು. ಕಂಪ್ಯೂಟರ್ ಪರದೆಯ ಮೇಲೆ ಕಾಣುವ ಬಟನ್ನು, ಪಟ್ಟಿ, ಅಂಕಿ ಹಾಕುವ ಬಾಕ್ಸುಗಳನ್ನು ಪ್ರೋಗ್ರಾಂ ಬರೆಯುವವರು ಮೊದಲಿನಿಂದ ಕೆತ್ತುವುದಿಲ್ಲ. ಅವು ಟೂಲ್‌ಕಿಟ್ ಎಂಬ ಕಂತೆಯಲ್ಲಿ ಸಿದ್ಧವಾಗಿ ಬರುತ್ತವೆ. ಎತ್ತಿ ಜೋಡಿಸಿದರಾಯಿತು. ಪುಟ್ಟಿ ಮೊದಲು ಹಾಗೇ ಜೋಡಿಸಿಕೊಟ್ಟಿದ್ದಳು. ಎರಡು ವರ್ಷ ಯಾವ ತಕರಾರೂ ಬರಲಿಲ್ಲ. ಆಮೇಲೆ ಯಜಮಾನರಿಗೆ ಒಂದು ಆಸೆ ಹುಟ್ಟಿತು: ಪವರ್ ಹಾಕುತ್ತಿದ್ದ ಹಾಗೇ ಆ ಗಾಜು ಕಪಾಟಿನಲ್ಲಿ ಇದೆಯೋ ಇಲ್ಲವೋ ಗೊತ್ತಾಗಬೇಕು. ಇದ್ದರೆ ಬಾಕ್ಸಿನ ಮೂಲೆಯಲ್ಲಿ ಹಸಿರು ಚುಕ್ಕಿ, ಇಲ್ಲದಿದ್ದರೆ ಕೆಂಪು.

"ಒಂದು ಚುಕ್ಕಿ ತಾನೇ? ಎರಡು ದಿನದ ಕೆಲಸ," ಎಂದಿದ್ದಳು ಪುಟ್ಟಿ.

ಹಿಡಿದದ್ದು ಮೂರು ವಾರ. ಸಿದ್ಧ ಬಾಕ್ಸನ್ನು ಇದ್ದ ಹಾಗೆ ಬಳಸುವುದು ಸುಲಭ; ಅದಕ್ಕೆ ನಮ್ಮದೊಂದು ಗುಣ ಸೇರಿಸಲು ಹೊರಟಾಗಲೇ ಅದರ ಹೊಟ್ಟೆಯೊಳಗೆ ಏನೇನಿದೆ ಎಂದು ಗೊತ್ತಾಗುವುದು. ಚುಕ್ಕಿ ಬರೆದರೆ ಅದು ಅಂಕಿಯ ಮೇಲೆ ಬಿತ್ತು. ಅಂಕಿಯನ್ನು ಸರಿಸೋಣವೆಂದರೆ ಅದು ಇನ್ನೊಂದು ಬಾಕ್ಸು. ದೊಡ್ಡ ಬಾಕ್ಸಿನ ಒಳಗೆ ಕೂತಿತ್ತು, ಮಾಡಿದವರು ಅದರ ಬಾಗಿಲಿಗೆ ಬೀಗ ಹಾಕಿದ್ದರು. ಸುತ್ತುದಾರಿ ಹಿಡಿದು ಒಳಗೆ ಹೋದಳು. ಆಗ ಸೊನ್ನೆಯ ಹಿಂದೆ ಕಾರಣವಿಲ್ಲದೆ ಮೈನಸ್ ಗುರುತು ಬರತೊಡಗಿತು. ಅದನ್ನು ತೆಗೆದರೆ ನಿಜವಾದ ಮೈನಸ್ಸುಗಳೂ ಹೋದವು. ಈ ಸಹವಾಸವೇ ಬೇಡ, ಬಾಕ್ಸನ್ನು ನಾನೇ ಮಾಡುತ್ತೇನೆ ಎಂದು ಒಂದು ದಿನ ಕೂತಳು. ಸಂಜೆಯ ಹೊತ್ತಿಗೆ ಪಟ್ಟಿ ಮಾಡಿ ನೋಡಿದರೆ ಸಿದ್ಧ ಬಾಕ್ಸು ಯಾರಿಗೂ ಹೇಳದೆ ಮಾಡುತ್ತಿದ್ದ ಕೆಲಸಗಳು ನಲವತ್ತಕ್ಕೂ ಹೆಚ್ಚಿದ್ದವು. ಆ ಕಾಗದವನ್ನು ಹರಿದು ಹಾಕಿ ಮತ್ತೆ ಹಳೆಯ ದಾರಿಗೇ ಬಂದಳು. ಕೊನೆಗೆ ಚುಕ್ಕಿ ಬಂತು. ಐದು ನೂರು ಸುಳ್ಳು ಆರ್ಡರುಗಳನ್ನು ಪ್ರೋಗ್ರಾಮಿನಿಂದಲೇ ಹಾಕಿಸಿ ಪರೀಕ್ಷಿಸಿದಳು. ಒಂದೂ ತಪ್ಪಲಿಲ್ಲ. ಹಾಗಾಗಿ ಬುಧವಾರ ಅವಳು ಯಜಮಾನರಿಗೆ ಹೇಳಿದ್ದು ಬಾಯಿಗೆ ಬಂದ ಮಾತಾಗಿರಲಿಲ್ಲ.

ಚುಕ್ಕಿ ಇರುವ ಬಾಕ್ಸು ಆ ಮೇಜಿಗೆ ಬಂದು ಐದು ವಾರವಾಗಿತ್ತು. ತಪ್ಪುಗಳು ಶುರುವಾಗಿಯೂ ಐದು ವಾರ. ಈ ಲೆಕ್ಕ ಅವಳ ತಲೆಗೆ ಹೊಳೆದದ್ದು ಗುರುವಾರ ಬೆಳಿಗ್ಗೆ ಹಲ್ಲುಜ್ಜುವಾಗ. ಬೇರೆ ಕೆಲಸ ಬಿಟ್ಟು ಅತ್ತಿಗೆಯ ಹಿಂದೆಯೇ ಕಾರ್ಖಾನೆಗೆ ಹೋದಳು.

"ಏನು, ಕಾವಲಾ?" ಎಂದಳು ಅತ್ತಿಗೆ.

"ನೋಡೋಕೆ ಬಂದಿದೀನಿ. ನೀವು ದಿನಾ ಹೆಂಗೆ ಮಾಡ್ತೀರೋ ಹಾಗೇ ಮಾಡಿ."

"ಇನ್ನು ಮೂರೇ ದಿನ. ಚೆನ್ನಾಗಿ ನೋಡ್ಕೋ."

ಪುಟ್ಟಿ ಸ್ಟೂಲ್ ಎಳೆದುಕೊಂಡು ಹಿಂದೆ ಕೂತಳು. ಮೊದಲ ಅರ್ಧ ಗಂಟೆಯಲ್ಲೇ ಅವಳಿಗೆ ತಪ್ಪು ಸಿಕ್ಕಿತು ಎನಿಸಿತು. ಅತ್ತಿಗೆ ಪರದೆಯನ್ನು ನೋಡುತ್ತಲೇ ಇರಲಿಲ್ಲ. ಕಣ್ಣು ಚೀಟಿಯ ಮೇಲೆ, ನಂಬಿಕೆ ಬಾಯ ಎಣಿಕೆಯ ಮೇಲೆ. ಎಣಿಕೆ ಮುಗಿದರೆ 'ಕಳಿಸು' ಬಟನ್ ಒತ್ತಿ ಮುಂದಿನ ಚೀಟಿ. ಹೇಳಿಬಿಡೋಣವೆಂದು ಬಾಯಿ ತೆರೆದವಳು ಸುಮ್ಮನಾದಳು. ಹತ್ತೂವರೆಯವರೆಗೆ ಹಾಕಿದ ಎಂಟು ಆರ್ಡರುಗಳಲ್ಲಿ ಎಂಟೂ ಸರಿಯಿದ್ದವು. ಎಣಿಕೆ ಒಮ್ಮೆಯೂ ಎಡವಲಿಲ್ಲ. ಇದನ್ನೂ ಬರೆದುಕೊಳ್ಳಬೇಕು ಎಂದು ಬರೆದುಕೊಂಡಳು.

ಹನ್ನೊಂದೂಕಾಲಿಗೆ ಒಬ್ಬ ಶಿಕ್ಷಕರ ಚೀಟಿ ಬಂತು. ಒಂದೂವರೆ. ಅತ್ತಿಗೆಯ ತುಟಿಗಳು ಆಡಿದವು, ಕಾಲು, ಅರೆ, ಮುಕ್ಕಾಲು. ಒಂದು ಎನ್ನುವಾಗ ಪರದೆಯ ಅಂಕಿ ಮುಕ್ಕಾಲಿನಲ್ಲೇ ನಿಂತಿತು. ರೆಪ್ಪೆ ಮಿಟುಕಿಸುವಷ್ಟಲ್ಲ, ಸೆಕೆಂಡಿಗೂ ತುಸು ಹೆಚ್ಚು. ಅತ್ತಿಗೆಯ ಬೆರಳು ನಿಲ್ಲಲಿಲ್ಲ, ಒಂದೂಕಾಲು, ಒಂದೂವರೆ. ಆಮೇಲೆ ಅಂಕಿ ದಡಬಡನೆ ಓಡಿ ಒಂದೂಮುಕ್ಕಾಲಿಗೆ ಹೋಗಿ ನಿಂತಿತು.

"ಅತ್ತಿಗೆ, ಕೈ ತೆಗೀರಿ. ಕಳಿಸಬೇಡಿ."

"ಯಾಕೆ?"

"ಎಷ್ಟು ಸಲ ಒತ್ತಿದ್ರಿ?"

"ಆರು. ಒಂದೂವರೆಗೆ ಆರಲ್ವಾ?"

"ನಾನೂ ಎಣಿಸಿದೆ. ಆರೇ." ಪುಟ್ಟಿ ಪರದೆಯತ್ತ ಬೆರಳು ತೋರಿಸಿದಳು. ಅತ್ತಿಗೆ ನೋಡಿದಳು. 

"ಬಾಕ್ಸಲ್ಲಿ ಏನು ಹಾಕ್ತಾರೋ ಅದೇ ಉಳಿಯುತ್ತೆ," ಎಂದಳು, ಪುಟ್ಟಿಯ ದನಿಯಲ್ಲೇ.

ಪುಟ್ಟಿ ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.

ಕಾರಣ ಹುಡುಕಲು ಮಧ್ಯಾಹ್ನದವರೆಗೆ ಹಿಡಿಯಿತು. ಸಿದ್ಧ ಬಾಕ್ಸಿಗೆ ಇನ್ನೊಂದು ಹುಟ್ಟುಗುಣವಿತ್ತು: ಬಾಣವನ್ನು ಒತ್ತಿ ಹಿಡಿದರೆ ಅಂಕಿ ತಾನಾಗಿ ಏರುತ್ತಾ ಹೋಗಬೇಕು. ಅದಕ್ಕಾಗಿ ಪ್ರತಿ ಸಲ ಒತ್ತಿದಾಗಲೂ ಅದು ಒಂದು ಮೆಟ್ಟಿಲು ಏರಿಸಿ, ಅರ್ಧ ಸೆಕೆಂಡು ಕಾದು, ಬೆರಳು ಇನ್ನೂ ಎತ್ತಿಲ್ಲವಾದರೆ ಮತ್ತೊಂದು ಮೆಟ್ಟಿಲು ಏರಿಸುತ್ತದೆ. ಪುಟ್ಟಿಯ ಚುಕ್ಕಿಯಾದರೋ ಪ್ರತಿ ಮೆಟ್ಟಿಲಿನಲ್ಲೂ ಕಪಾಟಿನ ಲೆಕ್ಕ ಇಟ್ಟುಕೊಂಡ ಕಂಪ್ಯೂಟರನ್ನು 'ಈ ಗಾಜು ಇದೆಯಾ?' ಎಂದು ಕೇಳಿ, ಉತ್ತರ ಬರುವ ತನಕ ಬಾಕ್ಸನ್ನು ಹಿಡಿದು ನಿಲ್ಲಿಸುತ್ತಿತ್ತು. ಸಾಮಾನ್ಯವಾಗಿ ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬರುತ್ತದೆ. ಆದರೆ ಹನ್ನೊಂದರಿಂದ ಹನ್ನೆರಡರ ತನಕ ಮೇಸ್ತ್ರಿ ಕಪಾಟಿನ ಎಣಿಕೆ ಓಡಿಸುತ್ತಾನೆ. ಆಗ ಯಾವ ಖಾನೆಯ ಲೆಕ್ಕ ನಡೆಯುತ್ತಿದೆಯೋ ಆ ಖಾನೆಯ ಗಾಜಿನ ಬಗ್ಗೆ ಕೇಳಿದರೆ ಮಾತ್ರ ಉತ್ತರ ತಡವಾಗುತ್ತದೆ. ಅಷ್ಟರಲ್ಲಿ ಅತ್ತಿಗೆ ಬೆರಳು ಎತ್ತಿರುತ್ತಾಳೆ. ಬಿಡುಗಡೆಯಾದ ಬಾಕ್ಸಿನ ಮುಂದೆ ಎರಡು ಸುದ್ದಿ ಕಾದಿರುತ್ತವೆ: ಅರ್ಧ ಸೆಕೆಂಡು ಮುಗಿಯಿತು ಎಂಬುದೊಂದು, ಬೆರಳು ಎತ್ತಿಯಾಯಿತು ಎಂಬುದೊಂದು. ಬಾಕ್ಸು ಮೊದಲನೆಯದನ್ನು ಮೊದಲು ಓದಿ, ಕಾಲು ಏರಿಸಿ, ಆಮೇಲೆ ಎರಡನೆಯದನ್ನು ಓದುತ್ತದೆ. ಅರ್ಧ ಸೆಕೆಂಡಿನ ಈ ಕಾಯುವಿಕೆಯ ವಿಷಯ ಟೂಲ್‌ಕಿಟ್ಟಿನ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಐದು ನೂರು ಸುಳ್ಳು ಆರ್ಡರುಗಳಲ್ಲಿ ಒಂದರಲ್ಲೂ ಯಾರೂ ಬಾಣ ಒತ್ತಿರಲಿಲ್ಲ.

"ಹಂಗಾದ್ರೆ ವಾಪಸು ಬಂದಿದ್ದು ಮೂರು," ಎಂದಳು ಅತ್ತಿಗೆ. "ವಾಪಸು ಬರದೇ ಇರೋದು ಎಷ್ಟು?"

ಪುಟ್ಟಿ ಅದನ್ನು ಯೋಚಿಸಿರಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ಇಬ್ಬರೂ ಕೂತು ಐದು ವಾರದ ಚೀಟಿಗಳ ಕಡತ ಬಿಚ್ಚಿದರು. ಅತ್ತಿಗೆ ಚೀಟಿ ಓದಿದಳು, ಪುಟ್ಟಿ ಪರದೆ ನೋಡಿದಳು. ಆರುನೂರ ಹನ್ನೆರಡು ಚೀಟಿಗಳಲ್ಲಿ ಒಂಬತ್ತು ತಾಳೆಯಾಗಲಿಲ್ಲ. ಮೂರು ಗೊತ್ತಿದ್ದವು, ಆರು ಹೊಸವು. ಒಂಬತ್ತರಲ್ಲೂ ತಪ್ಪು ಕಾಲೇ, ಒಂಬತ್ತರಲ್ಲೂ ಹೆಚ್ಚೇ, ಒಂದರಲ್ಲೂ ಕಡಿಮೆಯಿಲ್ಲ. ಒಂಬತ್ತೂ ಹನ್ನೊಂದು, ಹನ್ನೆರಡರ ನಡುವೆ ಹಾಕಿದವು. ಎಣಿಕೆ ತಪ್ಪುವವರು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ತಪ್ಪುತ್ತಾರೆ.

ಮನೆಗೆ ನಡೆಯುವಾಗ ಪುಟ್ಟಿಗೆ ಒಂದು ಸುಲಭದ ದಾರಿ ಹೊಳೆಯಿತು. 'ನೆಟ್‌ವರ್ಕ್ ತೊಂದರೆ ಇತ್ತು, ಸರಿಮಾಡಿದೆ' ಎಂದರೆ ಸಾಕು. ಅದು ಪೂರ್ತಿ ಸುಳ್ಳೂ ಅಲ್ಲ. ಅತ್ತಿಗೆಯ ಮೇಜು ಉಳಿಯುತ್ತದೆ, ತನ್ನ ಹೆಸರೂ ಉಳಿಯುತ್ತದೆ. ಆದರೆ ಆ ಆರು ಜನಕ್ಕೆ ಏನು ಹೇಳುವುದು? ರಸ್ತೆ ದಾಟುವಾಗ ಅತ್ತಿಗೆ ಅಭ್ಯಾಸಬಲದಿಂದ ಅವಳ ಮೊಣಕೈ ಹಿಡಿದುಕೊಂಡಳು. ದಾಟಿದ ಮೇಲೆ ಕೋಪ ನೆನಪಾಗಿ ಬಿಟ್ಟಳು.

ಶುಕ್ರವಾರ ಬೆಳಿಗ್ಗೆ ಪುಟ್ಟಿ ಅತ್ತಿಗೆಯನ್ನೂ ಕರೆದುಕೊಂಡು ಹೋಗಿ ಯಜಮಾನರ ಮುಂದೆ ಒಂಬತ್ತು ಚೀಟಿಗಳನ್ನು ಇಟ್ಟು ನಡೆದದ್ದನ್ನೆಲ್ಲ ಹೇಳಿದಳು. ತಪ್ಪು ನನ್ನದು, ಬುಧವಾರ ಹೇಳಿದ್ದೂ ತಪ್ಪು ಎಂದಳು. ಯಜಮಾನರು ಕೇಳಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇವರು ನಿಮಗೆ ಇಲ್ಲಿ ಕೆಲಸ ಕೊಡಿಸಿದ್ರು. ಈಗ ಇವರ ಮೇಜು ಹೋಗುತ್ತೆ ಅಂದಾಗ ನೀವು ತಪ್ಪು ನಂದು ಅಂತ ಬಂದಿದೀರಿ. ಮೊನ್ನೆ ಕಂಪ್ಯೂಟರ್ ತಪ್ಪೇ ಮಾಡಲ್ಲ ಅಂದವರು ನೀವೇ. ನಾನು ಯಾವುದನ್ನ ನಂಬಲಿ?"

 ಉತ್ತರ ಕೊಟ್ಟವಳು ಅತ್ತಿಗೆ.

"ಅವಳನ್ನೂ ನಂಬಬೇಡಿ, ನನ್ನನ್ನೂ ನಂಬಬೇಡಿ ಸಾರ್. ನೀವೇ ಬಂದು ಒತ್ತಿ."

ಹನ್ನೊಂದಕ್ಕೆ ಮೇಸ್ತ್ರಿ ಕಪಾಟಿನ ಎಣಿಕೆ ಶುರುಮಾಡಿದ. ಯಜಮಾನರು ಅತ್ತಿಗೆಯ ಕುರ್ಚಿಯಲ್ಲಿ, ಅವಳ ದಿಂಬಿಗೆ ಒರಗಿ ಕೂತರು. ಮೇಸ್ತ್ರಿ ಕೈ ಕಟ್ಟಿ ಬಾಗಿಲಲ್ಲಿ ನಿಂತ. ಒಂದೂವರೆ ಹಾಕಿದರು, ಸರಿ ಬಂತು. ಎರಡು ಹಾಕಿದರು, ಸರಿ ಬಂತು. ಹತ್ತು ನಿಮಿಷವಾಯಿತು. ಹದಿನೈದಾಯಿತು.  ಪ್ರೋಗ್ರಾಂ ಬರೆಯುವವಳೊಬ್ಬಳು ತನ್ನ ಪ್ರೋಗ್ರಾಂ ಕೆಡಲಿ ಎಂದು ಇಷ್ಟು ಆಸೆಪಟ್ಟದ್ದು ಅವಳಿಗೆ ಅದೇ ಮೊದಲು. ಯಜಮಾನರು ಗಡಿಯಾರ ನೋಡಿ, ಇದೇ ಕೊನೆ ಎಂದು ಮೂರೂಕಾಲಿಗೆ ಹೊರಟರು. ಗಟ್ಟಿಯಾಗಿ ಎಣಿಸುತ್ತಾ ಹದಿಮೂರಕ್ಕೆ ನಿಲ್ಲಿಸಿ ತಲೆಯೆತ್ತಿದರು. ಪರದೆಯ ಮೇಲೆ ಮೂರೂವರೆ ಇತ್ತು.

"ಇದೇನು? ನಾನು ಹದಿಮೂರೇ ಒತ್ತಿದ್ದು!"

"ಯಜಮಾನ್ರೇ, ಹದಿನಾಲ್ಕು ಒತ್ತಿರಬೇಕು ನೀವು," ಎಂದ ಮೇಸ್ತ್ರಿ. "ಪ್ಯಾಕಿಂಗಲ್ಲಿ ಒಂದು ಜಾಗ ಖಾಲಿ ಇದೆಯಂತೆ."

ಅತ್ತಿಗೆ ನಗಲಿಲ್ಲ. ಯಜಮಾನರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಎದ್ದು ಕುರ್ಚಿಯನ್ನು ಅವಳತ್ತ ತಳ್ಳಿ, "ಕೂತ್ಕೊಳ್ಳಮ್ಮ, ನಿಮ್ಮ ಜಾಗ," ಎಂದರು. ಆಮೇಲೆ ಪುಟ್ಟಿಗೆ, "ಸರಿಮಾಡೋಕೆ ಎಷ್ಟು ದಿನ ಬೇಕು? ಮೂರು ವಾರನಾ?"

"ಅರ್ಧ ಗಂಟೆ ಸಾರ್."

ನಿಜವಾಗಿ ಹಿಡಿದದ್ದು ಮುಕ್ಕಾಲು ಗಂಟೆ. ಮೂರು ವಾರ ಕೂತು ಬಾಕ್ಸಿನ ಹೊಟ್ಟೆಯೊಳಗೆ ಸೇರಿಸಿದ್ದನ್ನೆಲ್ಲ ಪುಟ್ಟಿ ಕಿತ್ತು ಹಾಕಿದಳು. ಸಿದ್ಧ ಬಾಕ್ಸನ್ನು ಹುಟ್ಟಿದ ಹಾಗೆ ಬಿಟ್ಟು, ಚುಕ್ಕಿಯನ್ನು ಅದರ ಪಕ್ಕದಲ್ಲಿ ಬೇರೆಯಾಗಿ ಇಟ್ಟಳು. ಇನ್ನು ಅದು ಕಪಾಟನ್ನು ಕೇಳುವುದು ಪವರ್ ಹಾಕಿ ಮುಗಿದ ಮೇಲೆ. ಉತ್ತರ ತಡವಾದರೆ ಚುಕ್ಕಿ ಬೂದು ಬಣ್ಣದಲ್ಲಿ ಕಾಯುತ್ತದೆ, ಬಾಕ್ಸನ್ನು ಮುಟ್ಟುವುದಿಲ್ಲ. ನೋಡಲು ಮೊದಲಿನಷ್ಟು ಅಂದವಿರಲಿಲ್ಲ. 'ಕಳಿಸು' ಒತ್ತುವ ಮುಂಚೆ ಪರದೆಯನ್ನೂ ಒಂದು ಸಲ ನೋಡುತ್ತೇನೆ ಎಂದು ಅತ್ತಿಗೆ ಯಾರೂ ಕೇಳದೆ ತಾನಾಗೇ ಹೇಳಿದಳು. ಅದನ್ನು ಯಜಮಾನರಿಗೆ ಹೇಳಿದಳು; ಪುಟ್ಟಿಗಲ್ಲ.

ಊಟದ ಬಿಡುವು ಮುಗಿದ ಮೇಲೆ ಅತ್ತಿಗೆ ಆರು ಚೀಟಿಗಳನ್ನು ತಂದು ಪುಟ್ಟಿಯ ಮುಂದಿಟ್ಟಳು. ಪ್ರತಿಯೊಂದರ ಹಿಂದೆಯೂ ಫೋನ್ ನಂಬರು ಬರೆದಿತ್ತು. ಫೋನನ್ನೂ ಎಳೆದು ಮುಂದಿಟ್ಟಳು.

"ನಾನಾ?" ಎಂದಳು ಪುಟ್ಟಿ.

"ಮತ್ತೆ? ನನ್ನ ಕೇಳಿದ್ರೆ ನಾನೇನು ಹೇಳ್ಲಿ, ನಮ್ಮ ನಾದಿನಿ ಚುಕ್ಕಿ ಇಟ್ಟಿದ್ಲು ಅಂತಲಾ?"

ಮೊದಲನೆಯವರು ಬೈದರು. ಎರಡನೆಯವರು ಎತ್ತಲಿಲ್ಲ. ಮೂರನೆಯ ಫೋನು ಎತ್ತಿದವರು ಹೆಂಗಸು. ದನಿ ಕೇಳಿದರೆ ಅರವತ್ತು ದಾಟಿದವರು. ಕನ್ನಡಕ ತಗೊಂಡು ನಾಲ್ಕು ವಾರವಾಗಿತ್ತು. ಪುಟ್ಟಿ ನಿಧಾನವಾಗಿ ಹೇಳಿದಳು: ಡಾಕ್ಟರು ಬರೆದದ್ದಕ್ಕಿಂತ ಗಾಜಿನ ಪವರ್ ಕಾಲು ಹೆಚ್ಚಾಗಿದೆ, ತಪ್ಪು ನಮ್ಮ ಕಂಪ್ಯೂಟರಿನದು, ಪ್ರೋಗ್ರಾಂ ಬರೆದವಳು ನಾನೇ, ಹೊಸ ಗಾಜು ಹಾಕಿಕೊಡುತ್ತೇವೆ.



"ದಿನಾ ಸಾಯಂಕಾಲ ತಲೆನೋವು," ಎಂದರು ಆಕೆ. "ಹೊಲಿಗೆ ಮಿಷನ್ನು ಮಾರಿಬಿಡೋಣ ಅಂತಿದ್ದೆ. ಇನ್ನು ನನ್ನ ಕೈಲಾಗಲ್ಲ, ವಯಸ್ಸಾಯ್ತು ಅಂತ."

"ಮಾರಬೇಡಿ ಅಮ್ಮ."

"ಹಂಗಾದ್ರೆ ಇದು ವಯಸ್ಸಲ್ವಾ?"

 ತಲೆನೋವು ಗಾಜಿನದೋ ಬೇರೆಯದೋ ಪುಟ್ಟಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳುವ ಧೈರ್ಯ ಬುಧವಾರದಿಂದ ಹೋಗಿತ್ತು.

"ಅದು ನಂಗೆ ಗೊತ್ತಿಲ್ಲ ಅಮ್ಮ. ಗಾಜು ತಪ್ಪಿರೋದು ಮಾತ್ರ ನಿಜ. ಮೊದಲು ಅದನ್ನ ಸರಿಮಾಡೋಣ, ಆಮೇಲೂ ನೋವಿದ್ರೆ ಡಾಕ್ಟರಿಗೆ ತೋರ್ಸಿ."

"ಯಾವಾಗ ಬರ್ಲಿ?"

ಪುಟ್ಟಿ ಫೋನಿಗೆ ಕೈ ಅಡ್ಡ ಹಿಡಿದು ಅತ್ತಿಗೆಯನ್ನು ನೋಡಿದಳು. ಅತ್ತಿಗೆ ಆಗಲೇ ಆ ಆರ್ಡರನ್ನು ಹೊಸದಾಗಿ ಹಾಕಿ, ಪರದೆಯನ್ನು ನೋಡಿ ಕಳಿಸಿಯಾಗಿತ್ತು.

"ನಾಳೆ ಹತ್ತು ಗಂಟೆಗೆ ಬರೋಕೆ ಹೇಳು," ಎಂದಳು. "ಫ್ರೇಮು ತರೋದು ಮರೀಬೇಡಿ ಅನ್ನು. ಆಮೇಲೆ ಆ ಎರಡನೇ ನಂಬರಿಗೆ ಇನ್ನೊಂದ್ಸಲ ಫೋನ್ ಮಾಡು."